ಸಿಬುಲಾವ್‌ನಿಂದ ಸೊನ್ನೆ

ಪುಂತಾ ಗಿಯಾಬ್
12 ಆಗಸ್ಟ್ 2019

ಮಾನಾಂಗ್ ಸಲೂದ್ ಅಕ್ಕನವರಿಗೆ,

ಆ ಹಾಲು ಚಹಾದ ಅಂಗಡಿಗಳು ಹೋದ ಪತ್ರದಲ್ಲಿ ಮೂರು ಅಂದಿದ್ದೆನಲ್ಲ, ಐದು ಅಂತ ತಿದ್ದಿಕೊಳ್ಳಿ. ಯೂನಿವರ್ಸಿಟಿ ಗೇಟಿನಿಂದ ಸಮುದ್ರದ ತಡೆಗೋಡೆಯವರೆಗೆ ನಡೆದರೆ ಐದು. ಒಳಗೆ ಸಾಬೂದಾನಿ ತೇಲುವ ಆ ಕೆಸರನ್ನು ಬೆರಳುದಪ್ಪದ ಕೊಳವೆಯಲ್ಲಿ ಎಳೆಯುತ್ತ ನಿಂತಿರುತ್ತವೆ ನಮ್ಮ ದೇಶದ ಭವಿಷ್ಯಗಳು. ಎಳೆದು ಮುಗಿದ ಮೇಲೆ ಲೈಬ್ರರಿಯ ಗಾಜಿನ ಗೋಡೆ ಎದುರು ಕುಣಿತ. ಗಾಜಿನ ಆಚೆ ಪುಸ್ತಕ ಇದೆ ಅಂತ ಅವಕ್ಕೆ ಗೊತ್ತಿಲ್ಲ. ಗಾಜಿನಲ್ಲಿ ತಮ್ಮ ಸೊಂಟ ಕಾಣುತ್ತದೆ, ಅಷ್ಟು ಸಾಕು.

ಫೀಸು ತೆಗೆದುಹಾಕಿದ ಮೇಲೆ ಬರುವವರ ಜಾತಿಯೇ ಬೇರೆ. ನಮ್ಮ ಕಾಲದಲ್ಲಿ ಮೀನುಗಾರರ ಮಕ್ಕಳು ಚಪ್ಪಲಿ ಸವೆಯಬಾರದು ಅಂತ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಈಗ ಪಟ್ಟಣದಿಂದ ಅಪ್ಪನ ಕಾರಿನಲ್ಲಿ ಬಂದಿಳಿಯುತ್ತಾರೆ. ಅನ್ನದ ಕುಕ್ಕರು, ಫ್ಯಾನು, ಆಳೆತ್ತರದ ಬಟ್ಟೆಯ ಕರಡಿ. ನಿನ್ನೆ ಒಬ್ಬ ಹುಡುಗ ಕರಡಿಯನ್ನು ಹೆಗಲ ಮೇಲೆ ಹೊತ್ತು ಹಾಸ್ಟೆಲ್ ಮೆಟ್ಟಿಲು ಹತ್ತುತ್ತಿದ್ದ, ಕರಡಿಗೇ ಸೀಟು ಸಿಕ್ಕಿದೆ ಅನ್ನುವ ಹಾಗೆ.

ಈ ವರ್ಷದ ‘ವಿದ್ಯಾರ್ಥಿ ಪರಿಚಯ’ ಪುಸ್ತಕ ಬಂತು. ಮೂವತ್ತನಾಲ್ಕು ವರ್ಷ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೂತು ನಾನು ಕೈಯಿಂದ ಮಾಡುತ್ತಿದ್ದ ಪುಸ್ತಕ ಅದು. ಈಗ ಐವಿ ಗಲ್ವೆಸ್ ಅಂತ ಇಪ್ಪತ್ತಾರರ ಹುಡುಗಿ ಮಾಡುತ್ತಾಳೆ, ಕಂಪ್ಯೂಟರಿನಲ್ಲಿ, ಬಣ್ಣಬಣ್ಣದ ಹೋಳು ಮಾಡಿದ ಹೋಳಿಗೆಯಂಥ ಚಿತ್ರಗಳಲ್ಲಿ. ಹೆಣ್ಣುಮಕ್ಕಳು ನೂರಕ್ಕೆ ಅರವತ್ತಮೂರು. ಮನೆಯಲ್ಲಿ ಕಾಲೇಜು ಕಂಡ ಮೊದಲಿಗರು ನಲವತ್ತೆಂಟು. ‘ಸಮುದ್ರ ಇಷ್ಟ’ ಎಂದವರು ತೊಂಬತ್ತೊಂದು. ಸಮುದ್ರ ಇಷ್ಟವಾ ಅಂತ ಕೇಳುವುದೂ ಒಂದು ಪ್ರಶ್ನೆಯೇ? ನಮ್ಮ ಇಂಗ್ಲಿಷ್ ಪ್ರೊಫೆಸರ್ ಇದ್ದಿದ್ದರೆ ‘ಇರ್ರೆಲೆವೆಂಟ್ ಆ್ಯಂಡ್ ಇಮ್…’ ಇಮ್ ಏನೋ ಅನ್ನುತ್ತಿದ್ದರು. ಮರೆತೆ.

ನನಗೆ ಇಂಥ ಹೋಳಿಗೆ ಬೇಕಾಗಿರಲಿಲ್ಲ. ಅಡ್ಡಹೆಸರು ಹೇಳಿ, ಊರು ಹೇಳುತ್ತೇನೆ. ಸ್ಪೇನಿನವರ ಕಾಲದಲ್ಲಿ ಈ ಕರಾವಳಿಯಲ್ಲಿ ಅಡ್ಡಹೆಸರಿನ ಮೊದಲಕ್ಷರ ಅಂತ ಊರಿಗೊಂದು ಅಕ್ಷರ ಹಂಚಿದರಲ್ಲ: ‘ಫ’ ಅಂದರೆ ಬುಗ್ತಾಯ್, ‘ಸ’ ಅಂದರೆ ಲಿಪುರಾವ್, ‘ಮ’ ನಮ್ಮದೇ. ಹುಡುಗರು ಕಿಟಕಿಯಲ್ಲಿ ಹೆಸರು ಹೇಳುವುದರೊಳಗೆ ನಾನು ಊರು ಬರೆದಿರುತ್ತಿದ್ದೆ. ಗವರ್ನರೇ ಬಂದು ಬೆನ್ನು ತಟ್ಟಿ ಹೋಗಿದ್ದ.

ನೀವು ಕಳಿಸಿದ ಒಣ ಕಣವೆ ಮೀನು, ಪೇಟೆಯವರು ಸ್ಕ್ವಿಡ್ ಅನ್ನುವುದು, ರೋವಿಲಿನ್ ತಂದುಕೊಟ್ಟಳು. ನಿಮ್ಮ ದ್ವೀಪದ ಆ ಹುಡುಗಿ ಮೂರನೇ ವರ್ಷದ ಮೀನುಗಾರಿಕೆ ಓದುತ್ತಿದ್ದಾಳಂತೆ. ಮೀನು ಹಿಡಿಯುವವರ ಮಗಳು ಮೀನು ಹಿಡಿಯುವುದನ್ನು ಓದಲು ನಾಲ್ಕು ವರ್ಷ! ಮಾತೂ ಕಮ್ಮಿ, ಮರ್ಯಾದೆಯೂ ಕಮ್ಮಿ, ಲೋಲೊ ಅಂತ ಅಜ್ಜನನ್ನಾಗಿ ಮಾಡುವುದು ಮಾತ್ರ ಬರುತ್ತದೆ. ಕೂರು ಅಂದರೆ, “ಬೇಡ ಲೋಲೊ, ನಿಮ್ಮ ಕುರ್ಚಿ ಮೇಲೆ ಬೆಕ್ಕಿದೆ,” ಅಂದಳು. ಬೆಕ್ಕನ್ನು ಎಬ್ಬಿಸಬಹುದಿತ್ತು.

ನಿಮಗೆ ಫೋನಿನಲ್ಲಿ ಕೇಳಿಸುವುದಿಲ್ಲ, ನನಗೆ ಅದರ ಮೇಲೆ ಬೆರಳು ಕುಟ್ಟಲು ಬರುವುದಿಲ್ಲ. ನಿಮ್ಮ ತಂಗಿ ಮೆದಿಂಗ್ ಬದುಕಿದ್ದಾಗ ಅವಳು ಕುಟ್ಟುತ್ತಿದ್ದಳು. ಈಗ ಪತ್ರ ಒಯ್ಯುವ ನೊನೊಯ್‌ನ ದೋಣಿಯೇ ಗತಿ.

ನಿಮ್ಮ ತಂಗಿಯ ಗಂಡ,
ಎಪಿಫಾನಿಯೊ ಮಾಗ್ದತೊ


ಸಿಬುಲಾವ್ ದ್ವೀಪ
19 ಆಗಸ್ಟ್ 2019

ಪಾನ್ಯೊ,

ಕಣವೆ ಮೀನನ್ನು ನೆನೆಸಿಟ್ಟು ಹುರಿ, ಹೋದ ಸಲದ ಹಾಗೆ ಹಲ್ಲು ಮುರಿದುಕೊಳ್ಳಬೇಡ.

ಕ್ಯಾಂಪಸ್ಸಿನ ಹಿಂದೆ ನಮ್ಮ ದ್ವೀಪದ ಮಕ್ಕಳಿಗೆ ಅಂತ ಒಂದು ಮನೆ ಇದೆಯಲ್ಲ, ಹನ್ನೆರಡು ಮಂಚದ್ದು. ಅದರ ಬಾಗಿಲಿಗೆ ಕಾಗದ ಅಂಟಿಸಿದ್ದಾರಂತೆ. ಅಕ್ಟೋಬರ್ ಕೊನೆಗೆ ಖಾಲಿ ಮಾಡಬೇಕು, ವಾಲಿಬಾಲ್ ತಂಡಕ್ಕೆ ಕೊಡುತ್ತಾರೆ, ಅದೇ ತಿಂಗಳ ಹದಿನೆಂಟಕ್ಕೆ ಆಡಳಿತ ಮಂಡಳಿ ಸೇರಿ ಠರಾವು ಮಾಡುತ್ತದೆ. ಕಾರಣ ಏನು ಗೊತ್ತೇ? ಸಿಬುಲಾವ್‌ನಿಂದ ವಿದ್ಯಾರ್ಥಿಗಳೇ ಇಲ್ಲವಂತೆ.

ದೋಣಿಯಲ್ಲಿ ಎರಡೂವರೆ ಗಂಟೆ, ಅದೂ ಗಾಳಿ ಸುಮ್ಮನಿದ್ದರೆ. ದಿನಾ ಹೋಗಿ ಬರುವ ದಾರಿ ಅಲ್ಲ. ಮಂಚ ಹೋದರೆ ರೋವಿಲಿನ್ ವಾಪಸ್ ಬರುತ್ತಾಳೆ, ಬಂದರೆ ಮತ್ತೆ ಹೋಗುವುದಿಲ್ಲ. ಇಲ್ಲಿ ಕಣವೆ ಮೀನು ಸೀಳುವ ಶೆಡ್ಡಿನಲ್ಲಿ ಅವಳ ಅಮ್ಮನ ಪಕ್ಕದ ಮಣೆ ಖಾಲಿಯೇ ಇದೆ.

ನೀನು ಆ ಆಫೀಸಿನಲ್ಲಿ ಇದ್ದವನು. ಹೋಗಿ ಕೇಳು.

ಸಲೂದ್


ಪುಂತಾ ಗಿಯಾಬ್
2 ಸೆಪ್ಟೆಂಬರ್ 2019

ಮಾನಾಂಗ್ ಸಲೂದ್,

ಹೋಗಿ ಕೇಳಿದೆ. ಇಸ್ತ್ರಿ ಮಾಡಿದ ಬಾರೊಂಗ್ ಅಂಗಿ ಹಾಕಿಕೊಂಡೇ ಹೋದೆ, ನಾನು ಯಾರು ಅಂತ ಗೊತ್ತಾಗಲಿ ಅಂತ. ಗೊತ್ತಾಗಲಿಲ್ಲ. ಬಾಗಿಲಲ್ಲಿದ್ದ ಕಾವಲುಗಾರ “ಲೋಲೊ, ಹಿರಿಯರ ಕಾರ್ಡು ಕೊಡುವುದು ಪುರಸಭೆಯಲ್ಲಿ,” ಅಂದ.

ನನ್ನ ಮೇಜು ಇದ್ದ ಜಾಗದಲ್ಲಿ ಈಗ ನೀರಿನ ಯಂತ್ರ ಇದೆ. ಐವಿ ಗಲ್ವೆಸ್ ಕಿವಿಗೆ ಏನೋ ಸಿಕ್ಕಿಸಿಕೊಂಡು ಕೂತಿದ್ದಳು. ಎದುರಿಗೆ ಆ ಸಾಬೂದಾನಿ ಕೆಸರು, ಅದಿಲ್ಲದೆ ಹೇಗೆ?

“ಸಿಬುಲಾವ್ ಹುಡುಗರ ಮನೆ ಯಾಕೆ ಕಿತ್ತುಕೊಳ್ತಿದ್ದೀರಿ?” ಅಂದೆ.

“ನಾನು ಕಿತ್ಕೊಳ್ತಿಲ್ಲ ಸರ್. ಯಾವ ಊರಿಂದ ಎಷ್ಟು ಜನ ಅಂತ ಮಂಡಳಿ ಕೇಳ್ತು, ಕೊಟ್ಟೆ. ಇಪ್ಪತ್ತು ವರ್ಷದ್ದು ತೆಗೆದೆ. ಸಿಬುಲಾವ್ ಸೊನ್ನೆ.”

“ಆ ಮನೆಯಲ್ಲಿ ಹನ್ನೆರಡು ಜನ ಮಲಗ್ತಾರೆ. ಅವರೇನು ದೆವ್ವಗಳಾ?”

“ಡೇಟಾದಲ್ಲಿ ಇಲ್ಲ ಸರ್.”

“ಹೋಗಿ ಕಣ್ಣಲ್ಲಿ ನೋಡಮ್ಮ, ಇನ್ನೂರು ಹೆಜ್ಜೆ.”

“ನೋಡಿದ್ದೀನಿ ಸರ್. ಒಳ್ಳೇ ಹುಡುಗ್ರು. ಕಣವೆ ಮೀನು ಕೊಟ್ರು. ಆದ್ರೆ ಮಂಡಳಿಗೆ ಮೀನು ಕಳಿಸಕ್ಕಾಗಲ್ಲ, ಅಂಕಿ ಕಳಿಸ್ಬೇಕು.”

ನೋಡಿ, ಇಂಥವರ ಕೈಗೆ ಬಿದ್ದಿದೆ ನನ್ನ ಆಫೀಸು. ಯಂತ್ರ ಸೊನ್ನೆ ಅಂದರೆ ಎದುರಿಗೆ ನಿಂತ ಮನುಷ್ಯನೂ ಸೊನ್ನೆ. ಕಂಪ್ಯೂಟರಿಗೆ ಹಾಕುವಾಗ ಏನೋ ತಿರುಚಿದ್ದಾರೆ, ಅಷ್ಟೇ. ಕೇಳಿದರೆ ಮುಖ ನೋಡಿ ಹೇಳುತ್ತಾಳೆ, “ನಾವು ಏನೂ ಹೊಸದಾಗಿ ಹಾಕಿಲ್ಲ ಸರ್, ಹಳೇ ವರದಿಗಳದ್ದೇ ಹಾಗ್ಹಾಗೇ ಎತ್ಕೊಂಡಿದ್ದೀವಿ” ಅಂತ. ತಪ್ಪು ಮಾಡಿದವರು ಹಳೆಯವರ ತಲೆಗೆ ಕಟ್ಟುವುದು ಇಂದಿನದಲ್ಲವಲ್ಲ. ಕುಲಪತಿಗೆ ಬರೆದಿದ್ದೇನೆ, ‘ಟು ಹೂಮ್ ಇಟ್ ಮೇ ಕನ್ಸರ್ನ್’ ಅಂತ ಶುರು ಮಾಡಿ ಎರಡು ಪುಟ. ಉತ್ತರ ಬಂದಿಲ್ಲ. ಅವನಿಗೆ ಬಿಡುವೆಲ್ಲಿ? ಸಂಸ್ಥಾಪನಾ ದಿನದ ಸುಂದರಿ ಸ್ಪರ್ಧೆಯಲ್ಲಿ ಈ ವರ್ಷ ಹದಿನಾಲ್ಕು ವಿಭಾಗದಿಂದ ಹದಿನಾಲ್ಕು ಕಿರೀಟ. ಮೀನುಗಾರಿಕೆ ವಿಭಾಗದವಳು ಬಲೆಯಿಂದ ಗೌನು ಮಾಡಿಸಿಕೊಂಡಿದ್ದಾಳಂತೆ.

ಪಾನ್ಯೊ


ಸಿಬುಲಾವ್
9 ಸೆಪ್ಟೆಂಬರ್ 2019

ಪಾನ್ಯೊ,

ಆ ಹುಡುಗಿ ಹಳೇ ವರದಿ ಅಂದದ್ದು ನಿನ್ನ ವರದಿಯನ್ನೇ ಅಲ್ಲವೇ?

ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ನಾನೇ ಕೈಹಿಡಿದು ಅರ್ಜಿ ಬರೆಸಿ ಕಳಿಸಿದವರು ಇಪ್ಪತ್ತೇಳು ಜನ. ನನ್ನ ನಂತರ ಬಂದ ಮೇಷ್ಟ್ರು ಇನ್ನೂ ಕಳಿಸಿದ್ದಾರೆ. ಎಲ್ಲರಿಗೂ ‘ಊರು’ ಅನ್ನುವಲ್ಲಿ ಸಿಬುಲಾವ್ ಅಂತಲೇ ಬರೆಸಿದ್ದೇನೆ. ಆ ಅರ್ಜಿಗಳು ನಿನ್ನ ಕಿಟಕಿಗೆ ಬಂದವು. ನೀನು ಏನು ಮಾಡಿದೆ? ಅದೊಂದನ್ನು ಹೇಳು. ಕಿರೀಟದ ಸುದ್ದಿ ಬೇಡ.

ಸಲೂದ್


ಪುಂತಾ ಗಿಯಾಬ್
16 ಸೆಪ್ಟೆಂಬರ್ 2019

ಮಾನಾಂಗ್,

ಏನು ಮಾಡಿದೆ ಅಂತ ಕೇಳುತ್ತೀರಿ. ಕೆಲಸ ಮಾಡಿದೆ.

ಸಿಬುಲಾವ್ ಒಂದು ಊರೇ ಅಲ್ಲ. ಅರ್ಜಿ ಕೇಳುವುದು ಪುರಸಭೆಯ ಹೆಸರನ್ನು. ನಿಮ್ಮ ದ್ವೀಪ ತನ್ನದು ಅಂತ ಬುಗ್ತಾಯ್‌ನವರೂ ಲಿಪುರಾವ್‌ನವರೂ ನನ್ನ ಅಜ್ಜನ ಕಾಲದಿಂದ ಕೋರ್ಟಿನಲ್ಲಿದ್ದಾರೆ, ಚುನಾವಣೆ ಬಂದಾಗ ಮಾತ್ರ ಇಬ್ಬರಿಗೂ ಬೇಕು. ನಾನು ಏನು ಬರೆಯಬೇಕಿತ್ತು? ‘ಇತರೆ’ ಅನ್ನುವ ಕಾಲಂ ನೂರಕ್ಕೆ ಎರಡು ದಾಟಿದರೆ ಮನಿಲಾದಿಂದ ಪುಸ್ತಕ ವಾಪಸ್ ಬರುತ್ತಿತ್ತು. ಮೊತ್ತ ನೂರಾಗಬೇಕು. ಅದಕ್ಕೆ ಅಡ್ಡಹೆಸರು ನೋಡಿದೆ. ‘ಫ’ದವರನ್ನು ಬುಗ್ತಾಯ್‌ಗೆ, ‘ಸ’ದವರನ್ನು ಲಿಪುರಾವ್‌ಗೆ ಹಾಕಿದೆ. ಅವರ ಮುತ್ತಜ್ಜಂದಿರು ಅಲ್ಲಿಂದಲೇ ದೋಣಿ ಹತ್ತಿದ್ದು ತಾನೆ? ಇದಕ್ಕೆ ಇಂಗ್ಲಿಷಿನಲ್ಲಿ ‘ರೀಸನಬಲ್’ ಅನ್ನುತ್ತಾರೆ. ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಮೊತ್ತ ತಪ್ಪಲಿಲ್ಲ. ನಿವೃತ್ತಿ ದಿನ ಆ ಅಕ್ಷರಗಳ ಪಟ್ಟಿಯನ್ನು ದುಂಡಗೆ ಬರೆದು ಮುಂದಿನವರಿಗೆ ಕೊಟ್ಟು ಬಂದೆ, ಪುಣ್ಯಕ್ಕೆ ಅದನ್ನೇ ಕಂಪ್ಯೂಟರಿಗೂ ಹಾಕಿದರು.

ಮತ್ತೆ, ಬಿಡಿಸಿ ಹೇಳುತ್ತೇನೆ, ಬೇಜಾರಾದರೆ ಆಗಲಿ. ನಿಮ್ಮ ದ್ವೀಪದಿಂದ ಬಂದವರು ಓದಿ ಏನು ಕಡಿದು ಕಟ್ಟೆ ಹಾಕಿದ್ದಾರೆ? ಅರ್ಧ ಜನ ಮಧ್ಯದಲ್ಲೇ ಬಿಟ್ಟು ಹೋದರು. ಮಿಕ್ಕವರು ಹೋಗಿ ಅದೇ ಮೀನು ಸೀಳುತ್ತಾರೆ, ಗೋಡೆಗೆ ಗೌನು ತೊಟ್ಟ ಫೋಟೋ ಒಂದು ಜಾಸ್ತಿ. ಹನ್ನೆರಡು ಮಂಚದಲ್ಲಿ ಲೋಕ ಮುಳುಗುವುದಿಲ್ಲ. ರೋವಿಲಿನ್‌ಗೂ ಅದನ್ನೇ ಹೇಳಿದೆ. ಮೊನ್ನೆ ಬಂದಿದ್ದಳು.

“ಲೋಲೊ, ನೀವು ಮಂಡಳಿಗೆ ಬರೆದುಕೊಡ್ತೀರಾ?” ಅಂದಳು.

“ಏನಂತ?”

“ನಾವು ಇದ್ದೀವಿ ಅಂತ.”

“ಅದನ್ನ ನಾನು ಬರೆಯೋದಲ್ಲ, ಆಫೀಸು ಬರೆಯೋದು.”

ಹೊರಟೇಹೋದಳು. ನಮಸ್ಕಾರವೂ ಇಲ್ಲ, ಬೆನ್ನು ತೋರಿಸಿಕೊಂಡು.

ಎಪಿಫಾನಿಯೊ


ಸಿಬುಲಾವ್
23 ಸೆಪ್ಟೆಂಬರ್ 2019

ಪಾನ್ಯೊ,

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಮೂವತ್ತೈದು ವರ್ಷ ಬರೆಯಲಿಲ್ಲ.

ಮದುವೆಯಾದ ಮೇಲೆ ಮೆದಿಂಗ್ ಸಂಜೆ ಕ್ಲಾಸಿಗೆ ಹೋಗಿ ಬಿ.ಎ. ಮಾಡಿದಳಲ್ಲ, ಅದು ಮುಗಿದ ವರ್ಷ ನಿನ್ನ ಪುಸ್ತಕ ತಗೊಂಡು ಇಲ್ಲಿಗೆ ಬಂದಿದ್ದಳು. “ನನ್ನ ಗಂಡ ಮಾಡಿದ ಪುಸ್ತಕ” ಅಂತ ಶೆಡ್ಡಿನಲ್ಲೆಲ್ಲ ತೋರಿಸಿದಳು. ಆಮೇಲೆ ಸಿಬುಲಾವ್ ಎಲ್ಲಿದೆ ಅಂತ ಹುಡುಕಿದಳು. ಇರಲಿಲ್ಲ. ಸಂಜೆ ಕ್ಲಾಸಿನ ಪುಟ ತೆಗೆದಳು. ಅವಳ ಕ್ಲಾಸಿನಲ್ಲಿ ತವರಿನ ಹೆಸರು ‘ಫ’ ಅಕ್ಷರದ್ದಾದವಳು ಇವಳೊಬ್ಬಳೇ, ಬುಗ್ತಾಯ್ ಅನ್ನುವಲ್ಲಿ ‘ಒಂದು’ ಅಂತ ಇತ್ತು.

ಮೊದಲು ನಕ್ಕಳು. “ಮಾನಾಂಗ್, ಇವರ ಪುಸ್ತಕದಲ್ಲಿ ನಾನು ಬುಗ್ತಾಯ್‌ನೋಳು,” ಅಂದಳು. ನಾನು ಅವನಿಗೆ ಹೇಳು ಅಂದೆ. “ಬೇಡ ಬಿಡಿ, ಅವರಿಗೆ ಆ ಪುಸ್ತಕ ಅಂದ್ರೆ ಪ್ರಾಣ,” ಅಂದಳು. ಪುಸ್ತಕ ಇಲ್ಲೇ ಬಿಟ್ಟು ಹೋದಳು.

ನಮ್ಮವರು ಓದಿ ಏನು ಮಾಡಿದರು ಅಂತ ಕೇಳಿದೆಯಲ್ಲ. ಒಬ್ಬಳು ನಿನಗೆ ಮೂವತ್ತೇಳು ವರ್ಷ ಅನ್ನ ಬಡಿಸಿದಳು, ನಿನ್ನ ಇಂಗ್ಲಿಷ್ ಕಾಗದಗಳ ತಪ್ಪು ತಿದ್ದಿದಳು, ಯಾರೂ ತಿದ್ದಿಲ್ಲ ಅಂತಲೇ ನೀನು ಹೇಳಿಕೊಂಡು ತಿರುಗಿದೆ.

ನೊನೊಯ್‌ಗೆ ಹೇಳಿದ್ದೇನೆ. ಆ ಹುಡುಗಿಯ ಮಂಚದ ಸುದ್ದಿ ಇದ್ದರೆ ಮಾತ್ರ ನಿನ್ನ ಪತ್ರ ದೋಣಿಗೆ ಹಾಕಿಕೊಳ್ಳುತ್ತಾನೆ.

ಸಲೂದ್


ಪುಂತಾ ಗಿಯಾಬ್
26 ಅಕ್ಟೋಬರ್ 2019

ಮಾನಾಂಗ್ ಸಲೂದ್,

ಮಂಚದ ಸುದ್ದಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ನೊನೊಯ್ ಕೇಳಿದ, “ಮಂಚ ಇದೆಯಾ?” ಅಂತ. ಇದೆ ಅಂದ ಮೇಲೇ ನಾಳೆ ಪತ್ರ ಒಯ್ಯಲು ಒಪ್ಪಿದ. ನನ್ನ ಮಾತನ್ನು ದೋಣಿಯವನೂ ತೂಗುವ ಕಾಲ ಬಂತು.

ಒಂದು ತಿಂಗಳು ಏನು ಮಾಡಿದೆ ಅಂದರೆ, ಮೊದಲ ವಾರ ಏನೂ ಮಾಡಲಿಲ್ಲ. ನಿಮಗೆ ಒಂದು ಕೆಟ್ಟ ಪತ್ರ ಬರೆದೆ. ಹಾಕಲಿಲ್ಲ. ಆಮೇಲೆ ಐವಿ ಗಲ್ವೆಸ್ ಹತ್ತಿರ ಹೋದೆ, ಈ ಸಲ ಮಾಮೂಲು ಅಂಗಿಯಲ್ಲಿ. “ಅಕ್ಷರಗಳ ಪಟ್ಟಿ ನಂದು,” ಅಂದೆ.

ಅವಳು ಕಿವಿಯಿಂದ ಅದನ್ನು ತೆಗೆದಳು. “ನಂಗೊತ್ತು ಸರ್. ಕೆಳಗೆ ನಿಮ್ಮ ಸಹಿ ಇದೆ.”

“ಗೊತ್ತಿದ್ದೂ ಅವತ್ತು ಹೇಳಲಿಲ್ಲ?”

“ನೀವು ಬಾರೊಂಗ್ ಹಾಕ್ಕೊಂಡು ಬಂದಿದ್ರಿ ಸರ್.”

ಇದೊಂದು ಉತ್ತರವೇ? ಆದರೆ ಕೆಲಸ ಬಲ್ಲವಳು, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. “ಬಾಯಿಮಾತು ಸಾಲಲ್ಲ, ಮೂಲ ಕಾರ್ಡು ಬೇಕು,” ಅಂದಳು. ಮೂಲ ಕಾರ್ಡುಗಳು ಜಿಮ್ನೇಷಿಯಂ ಕೆಳಗಿನ ಕೋಣೆಯಲ್ಲಿ, ಎರಡು ಚಂಡಮಾರುತದ ನೀರು ಕುಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಲೆ ವಾಲಿಬಾಲ್ ಹುಡುಗರು ದಢದಢ ಅಂತ ಹಾರುತ್ತಿದ್ದರು, ಸುಣ್ಣ ನಮ್ಮ ತಲೆ ಮೇಲೆ. ನಾನು, ಐವಿ, ನಿಮ್ಮ ರೋವಿಲಿನ್, ಎರಡು ವಾರ. ಕಾರ್ಡು ಬಿಡಿಸುವುದರಲ್ಲಿ ಆ ಹುಡುಗಿಯ ಕೈ ನೋಡಬೇಕು, ಕಣವೆ ಮೀನಿನ ಚರ್ಮ ಸುಲಿಯುವ ಹಾಗೆ, ಒಂದೂ ಹರಿಯಲಿಲ್ಲ. ನಾನು ಹರಿದದ್ದು ಹನ್ನೊಂದು.

ಪ್ರತಿ ಕಾರ್ಡಿನಲ್ಲೂ ಹುಡುಗರ ನೀಲಿ ಅಕ್ಷರ, ಸಿಬುಲಾವ್. ಅದರ ಮೇಲೆ ನನ್ನ ಕೆಂಪು ಗೆರೆ, ಪಕ್ಕದಲ್ಲಿ ನನ್ನ ದುಂಡು ಅಕ್ಷರ. ರೋವಿಲಿನ್ ಒಂದೊಂದನ್ನೂ ನನ್ನ ಮುಂದೆ ಇಟ್ಟು ಮುಂದಿನದಕ್ಕೆ ಹೋಗುತ್ತಿದ್ದಳು. ನಾಲ್ಕನೇ ದಿನ ನಾನೇ ಕೇಳಿದೆ, “ನಿನ್ನ ಕಾರ್ಡಲ್ಲಿ ಏನಿದೆ?” ಅಂತ.

ಕುತ್ತಿಗೆಯಲ್ಲಿದ್ದ ಗುರುತಿನ ಕಾರ್ಡು ತೆಗೆದು ತೋರಿಸಿದಳು. ರೋವಿಲಿನ್ ಸುಮಾಯ್ಲೊ, ಲಿಪುರಾವ್. “ಮೂರು ವರ್ಷದಿಂದ ನೇತಾಡ್ತಿದೆ ಲೋಲೊ. ನಾನು ಲಿಪುರಾವ್ ನೋಡೇ ಇಲ್ಲ.”

“ಹೇಳಬಾರದಿತ್ತಾ?”

“ಹೇಳಿದ್ರೆ ಕೇಳ್ತಿದ್ರಾ?”

“ಇಲ್ಲ,” ಅಂದೆ. ಅದಕ್ಕೆ ಮೊದಲ ಸಲ ನಕ್ಕಳು. ಹಲ್ಲು ಅಷ್ಟೇನೂ ಚೆನ್ನಾಗಿಲ್ಲ.

ಹದಿನೆಂಟರ ಮಂಡಳಿ ಬಗ್ಗೆ ಕೇಳಿ. ಒಂಬತ್ತು ಜನ, ಒಂಬತ್ತು ನೀರಿನ ಬಾಟಲಿ, ಅರ್ಧ ಜನ ಮೇಜಿನ ಕೆಳಗೆ ಫೋನು ಉಜ್ಜುತ್ತಿದ್ದರು. ವಾಲಿಬಾಲ್ ಕೋಚ್ ಟ್ರೋಫಿ ತಂದು ಮೇಜಿನ ಮೇಲೆ ಇಟ್ಟಿದ್ದ, ಮೂರನೇ ಸ್ಥಾನದ್ದು. ಐವಿ ಕಾರ್ಡುಗಳನ್ನು ಸಾಲಾಗಿ ಹರಡಿದಳು. ನೂರ ನಲವತ್ತಮೂರು. ಗವರ್ನರ್ ಕಡೆಯ ಒಬ್ಬ ದಪ್ಪ ಮನುಷ್ಯ ಒಂದನ್ನು ಎರಡು ಬೆರಳಲ್ಲಿ ಎತ್ತಿ, ವಾಸನೆ ನೋಡಿ, “ಈ ಕೆಂಪು ಶಾಯಿ ಯಾವ ಮೂರ್ಖನದು?” ಅಂದ.

“ನನ್ನದು,” ಅಂದೆ.

“ಯಾಕೆ ಹೀಗೆ ಮಾಡಿದ್ರಿ?”

ಮೊತ್ತ, ಕಾಲಂ, ಮನಿಲಾ, ಎಲ್ಲ ನಾಲಿಗೆ ತುದಿಗೆ ಬಂತು. ಇಂಗ್ಲಿಷಿನಲ್ಲೇ ಬಂತು, ಎಂದಿಗಿಂತ ಚೆನ್ನಾಗಿ ಬಂತು. ಆದರೆ ಗೋಡೆ ಪಕ್ಕದ ಬೆಂಚಿನಲ್ಲಿ ರೋವಿಲಿನ್ ಕೂತಿದ್ದಳು, ಇನ್ನೂ ನಾಲ್ಕು ಜನ ದ್ವೀಪದ ಹುಡುಗರು ಇದ್ದರು, ಯಾವ ಕಾರ್ಡು ತಮ್ಮ ಮಾವನದು, ಅತ್ತೆಯದು ಅಂತ ದೂರದಿಂದಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದರು. “ಅವರು ಎಲ್ಲಿಯವರು ಅಂತ ಅವರಿಗಿಂತ ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ,” ಅಂದೆ. ಅಷ್ಟೇ ಅಂದದ್ದು. ಮುಖಕ್ಕೆ ಮಂಗಳಾರತಿ ಹತ್ತು ನಿಮಿಷ ನಡೆಯಿತು. ಗೋಡೆಯ ಮೇಲಿದ್ದ ನನ್ನ ಪ್ರಶಂಸಾಪತ್ರವನ್ನು ತೆಗೆಸುವ ಮಾತೂ ಬಂತು. ತೆಗೆಯಲಿ, ಮೊಳೆ ಹೇಗೂ ಸಡಿಲವಾಗಿತ್ತು.

ಠರಾವು: ಹಳೆಯದೆಲ್ಲ ಮರು ಎಣಿಕೆ ಆಗಬೇಕು, ಅಲ್ಲಿಯವರೆಗೆ ದ್ವೀಪದ ಮನೆಯ ಒಂದು ಮಂಚವನ್ನೂ ಮುಟ್ಟುವ ಹಾಗಿಲ್ಲ. ಎಣಿಕೆ ಏಪ್ರಿಲ್‌ವರೆಗೂ ಎಳೆಯುತ್ತದೆ. ಇಷ್ಟು ಕಾರ್ಡು ಕಂಡ ಮೇಲೆ ಕಿತ್ತುಕೊಳ್ಳುವ ಮುಖ ಅವರಿಗಿಲ್ಲ ಅಂತ ಐವಿ ಹೇಳುತ್ತಾಳೆ. ನನಗೆ ಅವರ ಮುಖಗಳ ಮೇಲೆ ಅಷ್ಟು ನಂಬಿಕೆ ಇಲ್ಲ, ಅದಕ್ಕೇ ದಿನಾ ಹೋಗುತ್ತಿದ್ದೇನೆ. ಐವಿ ಕೈಕೆಳಗೆ, ನೀರಿನ ಯಂತ್ರದ ಪಕ್ಕ ಒಂದು ಪ್ಲಾಸ್ಟಿಕ್ ಸ್ಟೂಲು. ವಿದ್ಯಾರ್ಥಿಗಳು ನೀರು ಹಿಡಿಯಲು ಬಂದು ನನ್ನ ಕಾಲು ತುಳಿಯುತ್ತಾರೆ, “ಸಾರಿ ಲೋಲೊ” ಅನ್ನುತ್ತಾರೆ, ಮತ್ತೆ ತುಳಿಯುತ್ತಾರೆ. ಅವರಲ್ಲಿ ನೂರಕ್ಕೆ ಅರವತ್ತಮೂರು ಹುಡುಗಿಯರು, ನೂರಕ್ಕೆ ನೂರು ಕುರುಡರು.

ನಿಮ್ಮಿಂದ ಒಂದು ಬೇಕು. ನೀವು ಕಳಿಸಿದ ಇಪ್ಪತ್ತೇಳರಲ್ಲಿ ಆರು ಕಾರ್ಡು ನೀರಿಗೆ ಕರಗಿಹೋಗಿವೆ. ಹೆಸರು, ವರ್ಷ ಬರೆದು ಕಳಿಸಿ. ಊರು ನಾನು ಕೇಳುವುದಿಲ್ಲ.

ತಿದ್ದುಪಡಿಗೆ ಐವಿ ಒಂದು ನಿಯಮ ಮಾಡಿದ್ದಾಳೆ. ಕೆಂಪು ಗೆರೆಯನ್ನು ಅಳಿಸಬಾರದು, ಕೆಳಗೆ ನೀಲಿಯಲ್ಲಿ ಸರಿಯಾದದ್ದು ಬರೆದು ಪಕ್ಕದಲ್ಲಿ ಸಹಿ, ತಾರೀಖು. ಕಾರ್ಡು ಆಫೀಸಿನಿಂದ ಹೊರಗೆ ಹೋಗಬಾರದು ಅನ್ನುವುದೂ ಅವಳದೇ ನಿಯಮ. ಇವತ್ತು ಒಂದನ್ನು ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದೇನೆ. ಅವಳು ನೋಡಿದಳು. ಕಿವಿಗೆ ಅದನ್ನು ಸಿಕ್ಕಿಸಿಕೊಂಡು ಆಚೆ ತಿರುಗಿದಳು.

1980, ಸಂಜೆ ವಿಭಾಗ, ರೆಮೆದಿಯೋಸ್ ಫಾಬ್ರೆಗಾಸ್ ಮಾಗ್ದತೊ, ನಮ್ಮ ಮೆದಿಂಗ್. ಅಡ್ಡಹೆಸರು ಬದಲಾಗಿತ್ತು ಮಾನಾಂಗ್, ‘ಮ’ ಆಗಿತ್ತು, ನನ್ನದೇ. ಅಷ್ಟಾದರೂ ನೋಡಬಾರದಿತ್ತೇ? ತವರಿನ ಹೆಸರಿನ ಅಕ್ಷರ ಹುಡುಕಿ ಬುಗ್ತಾಯ್ ಅಂತ ಬರೆದಿದ್ದೇನೆ. ಅದಕ್ಕೆ ಹಿಂದಿನ ವರ್ಷವಷ್ಟೇ ಹೆಣ್ಣು ಕೇಳಲು ನಿಮ್ಮ ದ್ವೀಪಕ್ಕೆ ಬಂದಿದ್ದೆ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು. ಆ ದಿನ ಆಫೀಸಿನಲ್ಲಿ ಯಾರ ಕಾರ್ಡು ಅಂತ ನೋಡಲೇ ಇಲ್ಲ ಅನ್ನಿಸುತ್ತದೆ. ಇಲ್ಲವೇ ನೋಡಿಯೂ ಬರೆದೆನೋ, ನೆನಪಿಲ್ಲ. ಯಾವುದು ಹೆಚ್ಚು ಕೆಟ್ಟದ್ದು ಅಂತ ನೀವೇ ಹೇಳಬೇಕು.

ಜಗಲಿಯಲ್ಲಿ ಕೂತು ನೀಲಿ ಪೆನ್ನು ತೆರೆದು ಎಷ್ಟೋ ಹೊತ್ತಾಯಿತು. ನಡುವೆ ನಿಮಗೆ ಇಷ್ಟುದ್ದ ಬರೆದೆ. ತಡೆಗೋಡೆಯ ಮೇಲೆ ಹುಡುಗರು ಇನ್ನೂ ಕಿರುಚುತ್ತಿದ್ದಾರೆ, ಆದರೆ ಯಾರು ಯಾರು ಅಂತ ಕಾಣಿಸುತ್ತಿಲ್ಲ. ಕಾರ್ಡಿನ ಮೇಲಿನ ಗೆರೆಯೂ ಸರಿಯಾಗಿ ಕಾಣುತ್ತಿಲ್ಲ, ಬೆಳಕು ಹೋಗುತ್ತಿದೆ. ಕಾರ್ಡಿನ ಮೇಲೆ ನಾಳೆ ಬೆಳಿಗ್ಗೆ ಬರೆಯುತ್ತೇನೆ. ಕೈ ತಪ್ಪಬಾರದು.

ಪಾನ್ಯೊ